ತುಟಿ ಆಡಿಸುವ ನಾಟಕ ಸಾಕು

2024ರ ಡಿಸೆಂಬರಿನಲ್ಲಿ ಮಗಳ ಶಾಲೆಯ ಆ್ಯನ್ಯುಯಲ್ ಡೇಗೆ ಹೋಗಿದ್ದೆ. ನೋಯ್ಡಾದ ಒಂದು ಶಾಲೆ, ಹೆಸರು ಬೇಡ. ಎನ್‌ಸಿಆರ್‌ನಲ್ಲಿ ಮಕ್ಕಳನ್ನು ಓದಿಸುವವರು ಇದನ್ನು ಓದಿ ತಮ್ಮ ಶಾಲೆಯದೇ ಕಥೆ ಎಂದುಕೊಂಡರೂ ಆಶ್ಚರ್ಯವಿಲ್ಲ. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ, ತಲೆಯ ಮೇಲೆ ಗುಂಯ್‌ಗುಡುವ ಡ್ರೋನ್ ಕ್ಯಾಮೆರಾ, ಮುಂದಿನ ಮೂರು ಸಾಲು ಗಣ್ಯರಿಗೆ. ನಾಟಕದ ವಿಷಯ ಜಲ ಸಂರಕ್ಷಣೆ. ಆರನೇ ಕ್ಲಾಸಿನ ನನ್ನ ಮಗಳು ಯಮುನಾ ನದಿ. ನೀಲಿ ಸ್ಯಾಟಿನ್ ಉಡುಪಿನ ಬಾಡಿಗೆ 1,800 ರೂಪಾಯಿ.

ಅವಳ ಸರದಿ ಬಂತು. ಮುಂದೆ ಬಂದು ಬಾಯಿ ತೆರೆದಳು. ಸ್ಪೀಕರಿನಿಂದ ಬಂದದ್ದು ಮೂವತ್ತು ವರ್ಷದ ಹೆಂಗಸಿನ, ಪಳಗಿದ, ರೇಡಿಯೋ ಜಾಹೀರಾತಿನಂಥ ದನಿ. ಇಡೀ ನಾಟಕವನ್ನು ಸ್ಟುಡಿಯೋದಲ್ಲಿ ಮೊದಲೇ ರೆಕಾರ್ಡ್ ಮಾಡಿಸಿದ್ದರು. ನೂರಿಪ್ಪತ್ತು ಮಕ್ಕಳು ಆ ಟ್ರ್ಯಾಕಿಗೆ ತುಟಿ ಆಡಿಸುತ್ತಾ ಕೈ ಎತ್ತಿ ಇಳಿಸುತ್ತಾ ನಲವತ್ತು ನಿಮಿಷ ಕಳೆದರು. ಒಂದು ಮಗುವೂ ಮಾತು ಮರೆಯಲಿಲ್ಲ, ಏಕೆಂದರೆ ಮರೆಯಲು ಯಾರ ಬಳಿಯೂ ಮಾತಿರಲಿಲ್ಲ.

ಭದ್ರಾವತಿಯಿಂದ ಲೈವ್ ನೋಡಿದ್ದ ನನ್ನ ಅಮ್ಮ ರಾತ್ರಿ ಫೋನು ಮಾಡಿ, "ಎಷ್ಟು ಚೆನ್ನಾಗಿ ಮಾತಾಡಿದ್ಯೇ ಪುಟ್ಟಿ, ಹಿಂದಿ ಎಷ್ಟು ಸ್ಪಷ್ಟ!" ಎಂದರು. ಮಗಳು ಹೇಳಿದ್ದು ಇಷ್ಟೇ: "ಅಜ್ಜಿ, ಅದು ನಾನಲ್ಲ. ನಾನು ಬರೀ ತುಟಿ ಆಡಿಸಿದ್ದು."

ಈ ಮಾತು ನನ್ನನ್ನು ಬಿಡಲಿಲ್ಲ. ಮೊದಲು ಬಂದದ್ದು ಸಿಟ್ಟು. ಪ್ರಾಜೆಕ್ಟ್ ಮ್ಯಾನೇಜರನಾದ್ದರಿಂದ ಆಮೇಲೆ ಲೆಕ್ಕ ಹಾಕಿದೆ. ಸುಮಾರು ಒಂದು ತಿಂಗಳು, ದಿನಕ್ಕೆ ಎರಡು ಪೀರಿಯಡ್ ಪ್ರಾಕ್ಟೀಸ್. ಇಪ್ಪತ್ತೆರಡು ಕೆಲಸದ ದಿನ ಹಿಡಿದರೂ ನಲವತ್ತನಾಲ್ಕು ಪೀರಿಯಡ್. ನಲವತ್ತು ನಿಮಿಷದ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ಗಂಟೆಗೂ ಹೆಚ್ಚು. ಅಷ್ಟೂ ಹೊತ್ತು ಅವಳು ಮಾಡಿದ್ದು ಸಾಲಿನಲ್ಲಿ ನಿಂತು ಕಾಯುವುದು, ನೆಲದ ಮೇಲೆ ಅಂಟಿಸಿದ ಟೇಪಿನ ಗುರುತಿಗೆ ಸರಿಯಾಗಿ ಕಾಲಿಡುವುದು. ಯಮುನೆ ಎಲ್ಲಿ ಹುಟ್ಟುತ್ತದೆ, ವಜೀರಾಬಾದಿನ ಬ್ಯಾರೇಜು ದಾಟಿದ ಮೇಲೆ ಅದು ಏಕೆ ಕಪ್ಪಾಗುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕಾಳಿಂದಿ ಕುಂಜದ ಸೇತುವೆ ಮೇಲೆ ಕಾರಿನಲ್ಲಿ ಹೋಗುವಾಗ ಕೆಳಗೆ ಬಿಳಿ ನೊರೆ ತೇಲುವುದನ್ನು ಅವಳು ಎಷ್ಟೋ ಸಲ ನೋಡಿದ್ದಾಳೆ. ಆ ನೊರೆಗೂ ತಾನು ಉಟ್ಟ ನೀಲಿ ಸ್ಯಾಟಿನ್‌ಗೂ ಸಂಬಂಧವಿದೆ ಎಂದು ಅವಳಿಗೆ ಹೊಳೆಯುವಂತೆ ಆ ಇಪ್ಪತ್ತೊಂಬತ್ತು ಗಂಟೆಯಲ್ಲಿ ಏನೂ ನಡೆಯಲಿಲ್ಲ.

ಇದಕ್ಕೆ ನಾಟಕ ಎಂದು ಹೆಸರಿಡುವುದನ್ನು ನಿಲ್ಲಿಸಬೇಕು ಎನ್ನುವುದು ನನ್ನ ತಕರಾರು. ಇದು ಶಾಲೆಯ ಜಾಹೀರಾತು, ಮುಂದಿನ ವರ್ಷದ ಅಡ್ಮಿಷನ್‌ಗೆ ಬೇಕಾದ ವಿಡಿಯೋ. ಅದಕ್ಕೆ ಬೇಕಾದ ಮಾಡೆಲ್‌ಗಳನ್ನು ನಾವೇ ಫೀಸು ಕಟ್ಟಿ ಕಳಿಸುತ್ತೇವೆ. ಆ ನಲವತ್ತನಾಲ್ಕು ಪೀರಿಯಡ್ಡು ತರಗತಿಗೆ ವಾಪಸ್ ಬರಬೇಕು. ಪ್ರೇಕ್ಷಕರಿಲ್ಲದ, ಉಡುಪಿಲ್ಲದ, ಬೆಂಚು ಬದಿಗೆ ಸರಿಸಿ ಪಾಠವನ್ನೇ ಆಡುವ ನಾಟಕಕ್ಕೆ ಅವು ಸಿಗಬೇಕು.

ಬೆಂಚು ಸರಿಸಿದರೆ ಏನಾಗುತ್ತದೆ ಎಂದು ಒಂದು ತಿಂಗಳ ಹಿಂದಷ್ಟೇ ನನ್ನ ಮನೆಯಲ್ಲೇ ನೋಡಿದ್ದೆ. ಆ ನವೆಂಬರ್ ನಿಮಗೆಲ್ಲ ನೆನಪಿರಬೇಕು. ಗ್ರಾಪ್‌ನ ನಾಲ್ಕನೇ ಹಂತ ಜಾರಿಯಾಗಿ, ದಿಲ್ಲಿ ಸುತ್ತಮುತ್ತಲ ಶಾಲೆಗಳು ಆನ್‌ಲೈನಿಗೆ ಹೋದವು. ಮಕ್ಕಳು ಮನೆಯೊಳಗೆ, ಏರ್ ಪ್ಯೂರಿಫೈಯರ್ ಪಕ್ಕದಲ್ಲಿ, ಕ್ಯಾಮೆರಾ ಆಫ್ ಮಾಡಿಕೊಂಡು ಬಿದ್ದಿದ್ದರು. ನಮ್ಮ ಸೊಸೈಟಿಯಲ್ಲಿ ಕನ್ನಡದವರ ನಾಲ್ಕು ಮನೆ, ಏಳು ಮಕ್ಕಳು. ಅವರನ್ನು ನಮ್ಮ ಹಾಲಿನಲ್ಲಿ ಕೂಡಿಸಿ ಹೊಗೆಯ ಬಗ್ಗೆಯೇ ಒಂದು ಆಟ ಆಡಿಸಿದೆ. ನಾನು ರಂಗಭೂಮಿಯವನಲ್ಲ. ನನಗೆ ಗೊತ್ತಿದ್ದದ್ದು ಆಫೀಸಿನ ಟ್ರೈನಿಂಗಿನಲ್ಲಿ ಮಾಡಿಸುವ ರೋಲ್ ಪ್ಲೇ ಅಷ್ಟೇ.

ಪಾತ್ರಗಳನ್ನು ಚೀಟಿ ಎತ್ತಿ ಹಂಚಿದೆವು. ಪಂಜಾಬಿನ ಸಂಗ್ರೂರಿನ ರೈತ, ಕಂಬೈನ್ ಹಾರ್ವೆಸ್ಟರ್ ಡ್ರೈವರ್, ಆಸ್ತಮಾ ಇರುವ ದಿಲ್ಲಿಯ ಮಗು, ಆ ಮಗುವಿನ ತಾಯಿ, ಡೀಸೆಲ್ ಕಾರಿನವನು, ಕಟ್ಟಡದ ಕೂಲಿ, ಮಾಲಿನ್ಯ ಇಲಾಖೆಯ ಅಧಿಕಾರಿ. ನಿಯಮ ಎರಡೇ: ನಿನ್ನ ಪಾತ್ರ ಏನು ಹೇಳುತ್ತದೋ ಅದನ್ನು ಹೇಳಬೇಕು, ಮೊದಲು ಕನ್ನಡದಲ್ಲಿ ಹೇಳಲು ನೋಡಬೇಕು.

ಮೊದಲ ದಿನ ಪೂರ್ತಿ ಗದ್ದಲ. ಇಬ್ಬರು ಜಗಳವಾಡಿ ಒಬ್ಬ ಮನೆಗೇ ಹೋದ. ನನ್ನ ಆರು ಗಂಟೆಯ ಕ್ಲೈಂಟ್ ಕಾಲ್ ತಪ್ಪಿತು. ಎರಡನೇ ದಿನ ರೈತನ ಚೀಟಿ ಸಿಕ್ಕ ನನ್ನ ಮಗಳು ಎದ್ದು ನಿಂತು, "ಸಾರಿ, ನಾನು ಇನ್ನು ಮೇಲೆ ಸುಡಲ್ಲ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಪಠ್ಯಪುಸ್ತಕದ ಪ್ರಕಾರ ಸಮಸ್ಯೆ ಅಲ್ಲಿಗೆ ಮುಗಿದಿತ್ತು. ಪರೀಕ್ಷೆಯಲ್ಲಿ 'ದಿಲ್ಲಿಯ ವಾಯುಮಾಲಿನ್ಯಕ್ಕೆ ಕಾರಣಗಳು' ಎಂದರೆ ರೈತರು ಕೃಷಿ ತ್ಯಾಜ್ಯ ಸುಡುವುದು ಎಂದು ಬರೆದರೆ ಒಂದು ಅಂಕ.

ಆಗ ನಾನು ಬೀಜದ ಅಂಗಡಿಯವನಾಗಿ ಒಳಗೆ ಬಂದೆ. "ಭತ್ತ ಕೊಯ್ದಾಯ್ತು. ನವೆಂಬರ್ ಮಧ್ಯ ಆಯ್ತು. ಗೋಧಿ ಬೀಜ ಯಾವಾಗ ಒಯ್ತೀಯ? ಹೊಲ ಖಾಲಿ ಆಗಿದೆಯಾ?" ಅವಳ ಬಳಿ ಉತ್ತರವಿರಲಿಲ್ಲ. ರೈತನ ಬಳಿ ಇರಬೇಕಾದ ಉತ್ತರ ತನ್ನ ಬಳಿ ಇಲ್ಲವಲ್ಲ ಎಂಬ ಮುಜುಗರ ಅವಳ ಮುಖದಲ್ಲಿ ಕಂಡಿತು. ಏಳೂ ಮಕ್ಕಳು ಅರ್ಧ ಗಂಟೆ ಲ್ಯಾಪ್‌ಟಾಪಿನ ಮುಂದೆ ಕೂತರು, ನಾನು ಹೇಳದೆಯೇ. ಅಂತರ್ಜಲ ಉಳಿಸಲು ಪಂಜಾಬು 2009ರಲ್ಲಿ ಒಂದು ಕಾಯಿದೆ ಮಾಡಿತು, ಜೂನ್ 10ಕ್ಕಿಂತ ಮುಂಚೆ ಭತ್ತ ನಾಟಿ ಮಾಡುವಂತಿಲ್ಲ ಎಂದಿತು ಎನ್ನುವುದು ಸಿಕ್ಕಿತು. ನಾಟಿ ತಡವಾದರೆ ಕೊಯ್ಲು ತಡ. ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ಉಳಿಯುವುದು ಎರಡು ಮೂರು ವಾರ. ಕಂಬೈನ್ ಯಂತ್ರ ತೆನೆಯನ್ನು ಮೇಲಿನಿಂದ ಕತ್ತರಿಸಿಕೊಂಡು ಹೋಗುತ್ತದೆ, ಬುಡ ನೆಲದಲ್ಲೇ ನಿಲ್ಲುತ್ತದೆ. ಅದನ್ನು ತೆಗೆಸಲು ಕೂಲಿ ಬೇಕು ಅಥವಾ ಇನ್ನೊಂದು ಯಂತ್ರ ಬೇಕು. ಬೆಂಕಿಪೊಟ್ಟಣ ಅಗ್ಗ.

ಅವಳು ಮತ್ತೆ ಎದ್ದು ನಿಂತಳು. ಈ ಸಲ ದನಿ ಬೇರೆಯಿತ್ತು. "ನೀರು ಉಳಿಸಿ ಅಂತ ನೀವೇ ನಾಟಿ ಲೇಟ್ ಮಾಡಿಸಿದ್ರಿ. ಈಗ ಬೆಂಕಿ ಹಚ್ಚಬೇಡಿ ಅಂತನೂ ನೀವೇ ಹೇಳ್ತೀರಿ. ಹದಿನೈದು ದಿನದಲ್ಲಿ ನಾನೇನ್ ಮಾಡ್ಲಿ?" ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಸ್ತಮಾದ ಮಗುವಾಗಿದ್ದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಉಸಿರಾಡೋದು ಬೇಡ್ವಾ?" ಎಂದ. ಸದಾ ಮೂಲೆಯಲ್ಲಿ ಕೂರುವ ಇನ್ನೊಬ್ಬ ಹುಡುಗ ಕಟ್ಟಡದ ಕೂಲಿ. ಅವನು ಎದ್ದು, "ನೀವಿಬ್ರೂ ಜಗಳ ಆಡಿ. ಹೊಗೆ ಬಂದಿದ್ದಕ್ಕೆ ಕಟ್ಟಡದ ಕೆಲಸ ನಿಲ್ಲಿಸಿಬಿಟ್ಟಿದಾರೆ. ನನಗೆ ಇವತ್ತು ಕೂಲಿ ಇಲ್ಲ" ಎಂದ. ಗ್ರಾಪ್ ಬಂದಾಗ ಕಟ್ಟಡ ಕೆಲಸ ನಿಲ್ಲುತ್ತದೆ ಎನ್ನುವುದು ನಮಗೆಲ್ಲ ಗೊತ್ತು. ಅದನ್ನು ಕೂಲಿಯ ಬಾಯಿಂದ ಕೇಳಿದ್ದು ನನಗೂ ಅದೇ ಮೊದಲು, ಅದೂ ಹತ್ತು ವರ್ಷದ ಹುಡುಗನಿಂದ.

ಇನ್ನೊಂದು ಸಂಗತಿ ನಡೆಯಿತು. 'ಪರಾಲಿ'ಗೆ ಕನ್ನಡದಲ್ಲಿ ಏನು ಅಂಕಲ್ ಎಂದು ಒಂದು ಮಗು ಕೇಳಿತು. ನನಗೆ ಹೊಳೆಯಲಿಲ್ಲ. ಗದ್ದೆಯಂಚಿನಲ್ಲೇ ಬೆಳೆದವನು ನಾನು. ಪತ್ರಿಕೆಯವರ 'ಕೃಷಿ ತ್ಯಾಜ್ಯ' ಬಿಟ್ಟರೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. "ಯಾವುದನ್ನ ಕೇಳ್ತಿದೀಯೋ? ಹುಲ್ಲೋ, ಕೂಳೆಯೋ? ಕೊಯ್ದ ಮೇಲೆ ನೆಲದಲ್ಲಿ ಮೋಟು ಉಳಿಯತ್ತಲ್ಲ, ಅದು ಕೂಳೆ" ಎಂದರು. ಏಳು ಮಕ್ಕಳೂ ಆ ಪದವನ್ನು ಆವತ್ತು ಇಪ್ಪತ್ತು ಸಲವಾದರೂ ಬಳಸಿರಬೇಕು. ಈಗಲೂ ಬಳಸುತ್ತಾರೆ. ನಾನೂ ಬಳಸುತ್ತೇನೆ.

ನಾಟಕದ ಲಾಭ ಏನು ಎಂದು ಕೇಳುವವರಿಗೆ ನನ್ನ ಉತ್ತರ ಇದರಲ್ಲೇ ಇದೆ. ಬೇರೆಯವರ ಜಾಗದಲ್ಲಿ ನಿಂತು, ಮುಂದೇನು ಹೇಳಬೇಕು ಎಂದು ತಾನೇ ನಿರ್ಧರಿಸಬೇಕಾದಾಗ ಮಗುವಿಗೆ ತನಗೆ ಏನು ಗೊತ್ತಿಲ್ಲ ಎನ್ನುವುದು ಗೊತ್ತಾಗುತ್ತದೆ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಹುಟ್ಟುತ್ತದೆ. ಟ್ರ್ಯಾಕಿಗೆ ತುಟಿ ಆಡಿಸುವಾಗ ಈ ಎರಡೂ ಇಲ್ಲ.

ಇದು ನನ್ನ ಹಾಲಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಎಂಬ ಇಬ್ಬರು ಸಂಶೋಧಕರು ಕಲೆ ಕಲಿತರೆ ಓದಿನಲ್ಲಿ ಮುಂದೆ ಬರುತ್ತಾರೆ ಎಂಬ ಮಾತಿಗೆ ಪುರಾವೆ ಇದೆಯೇ ಎಂದು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. 2000ದಲ್ಲಿ ಬಂದ ಅವರ ತೀರ್ಮಾನ ಕಲಾಪ್ರೇಮಿಗಳಿಗೇ ಬೇಸರ ತಂದಿತು: ಹೆಚ್ಚಿನ ದಾವೆಗಳಿಗೆ ಗಟ್ಟಿ ಪುರಾವೆ ಇಲ್ಲ. ಪುರಾವೆ ನಿಂತ ಮೂರೇ ಮೂರು ಕಡೆಗಳಲ್ಲಿ ಒಂದು, ತರಗತಿಯ ನಾಟಕ ಮತ್ತು ಭಾಷಾ ಸಾಮರ್ಥ್ಯದ ಸಂಬಂಧ. ಆ ಭಾಗವನ್ನು ಆ್ಯನ್ ಪೊಡ್ಲಾಜ್ನಿ 80 ಅಧ್ಯಯನಗಳನ್ನು ಇಟ್ಟುಕೊಂಡು ಮಾಡಿದ್ದರು. ಕಥೆಯನ್ನು ಆಡಿದ ಮಕ್ಕಳಿಗೆ ಆ ಕಥೆ ಚೆನ್ನಾಗಿ ಅರ್ಥವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಅವರು ಎಂದೂ ಆಡದ ಹೊಸ ಪಠ್ಯಗಳನ್ನು ಓದುವಾಗಲೂ ಆ ಲಾಭ ಜೊತೆಗೆ ಬಂದಿತ್ತು. ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ತರಗತಿಯೊಳಗೆ ಪಠ್ಯವನ್ನು ಆಡಿ ಕಲಿಯುವ ನಾಟಕವನ್ನು. ಎಲ್‌ಇಡಿ ಪರದೆಯ ಮುಂದಿನ ಪ್ರದರ್ಶನಕ್ಕೂ ಆ ಸಂಖ್ಯೆಗಳಿಗೂ ಸಂಬಂಧವಿಲ್ಲ. ನಾಟಕ ಮಾಡಿದರೆ ಗಣಿತದ ಅಂಕ ಏರುತ್ತದೆ ಎಂದು ಯಾರಾದರೂ ಬ್ರೋಷರ್ ಹಿಡಿದು ಬಂದರೆ ಬಾಗಿಲು ಹಾಕಿಕೊಳ್ಳಿ. ಆ ಸಂಶೋಧನೆ ಅದನ್ನು ಹೇಳುವುದಿಲ್ಲ.

ತರಗತಿಯ ನಾಟಕಕ್ಕೆ ಒಂದು ಪದ್ಧತಿಯೂ ಇದೆ. ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ಉಣ್ಣೆ ಗಿರಣಿಗೆ ಕೆಲಸಕ್ಕೆ ಸೇರಿದ ಹೆಣ್ಣುಮಗಳು. ಮುಂದೆ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗೇ ಪಾಠ ಮಾಡಿದರು. ಶಿಕ್ಷಕಿ ತಾನೂ ಒಂದು ಪಾತ್ರವಾಗಿ ತರಗತಿಯೊಳಗೆ ಬರುವುದು ಅವರ ಕ್ರಮ. ಅವರ ಇನ್ನೊಂದು ಕ್ರಮದಲ್ಲಿ ಮಕ್ಕಳು ತಜ್ಞರ ತಂಡವಾಗುತ್ತಾರೆ. ಯಾರೋ ಒಬ್ಬ ಕಾಲ್ಪನಿಕ ಗ್ರಾಹಕ ಅವರಿಗೆ ಒಂದು ಕೆಲಸ ಒಪ್ಪಿಸುತ್ತಾನೆ. ಆ ಕೆಲಸ ಮಾಡಲು ಬೇಕಾದ ಇತಿಹಾಸ, ಭೂಗೋಳ, ಲೆಕ್ಕ ಎಲ್ಲವನ್ನೂ ಮಕ್ಕಳು ದಾರಿಯಲ್ಲೇ ಕಲಿಯುತ್ತಾರೆ. ಕ್ಲೈಂಟ್, ರಿಕ್ವೈರ್‌ಮೆಂಟ್, ಡೆಡ್‌ಲೈನ್! ನಾವು ಗುರ್‌ಗಾಂವ್, ನೋಯ್ಡಾದ ಆಫೀಸುಗಳಲ್ಲಿ ಸಂಬಳ ತಗೊಂಡು ಮಾಡುವುದನ್ನು ಆಕೆ ಮಕ್ಕಳಿಗೆ ಆಟವಾಗಿ ಕೊಟ್ಟರು.

ಇಲ್ಲಿ ನಮ್ಮ ವೃತ್ತಿಯ ಒಂದು ವಿಪರ್ಯಾಸ ಹೇಳಲೇಬೇಕು. ನನ್ನ ತಂಡಕ್ಕೆ ಬರುವ ಹೊಸ ಎಂಜಿನಿಯರುಗಳು ಬುದ್ಧಿವಂತರು. ಆದರೆ ಕ್ಲೈಂಟ್ ಮುಂದೆ "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನಲು ಒದ್ದಾಡುತ್ತಾರೆ. ಈ ಸಾಫ್ಟ್‌ವೇರ್ ಬಳಸುವ ಬ್ಯಾಂಕಿನ ಗುಮಾಸ್ತ ಸಂಜೆ ಐದೂವರೆಗೆ ಯಾವ ಮನಸ್ಥಿತಿಯಲ್ಲಿರುತ್ತಾನೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಆಗ ಕಂಪನಿ ಅವರನ್ನು ಹೋಟೆಲಿನ ಕಾನ್ಫರೆನ್ಸ್ ಹಾಲಿಗೆ ಕಳಿಸಿ, ದುಬಾರಿ ಟ್ರೈನರ್ ಕರೆಸಿ, ರೋಲ್ ಪ್ಲೇ ಮಾಡಿಸುತ್ತದೆ. ಇಪ್ಪತ್ತಾರು ವರ್ಷದವರು ಒಬ್ಬ ಸಿಟ್ಟಿನ ಗ್ರಾಹಕ, ಒಬ್ಬ ಮ್ಯಾನೇಜರ್ ಆಗಿ ನಗುತ್ತಾ ಆಡುತ್ತಾರೆ. ಹತ್ತನೇ ವಯಸ್ಸಿನಲ್ಲಿ ಪುಕ್ಕಟೆಯಾಗಿ ಸಿಗಬೇಕಿದ್ದದ್ದನ್ನು ಕಿತ್ತುಕೊಂಡು ದೊಡ್ಡವರಾದ ಮೇಲೆ ಮಾರುತ್ತೇವೆ. ಹಾಗೆಂದು ಮಕ್ಕಳ ನಾಟಕವನ್ನು 'ಸಾಫ್ಟ್ ಸ್ಕಿಲ್' ಹೆಸರಿನಲ್ಲಿ ಸಮರ್ಥಿಸಲು ನನಗೆ ಮನಸ್ಸಿಲ್ಲ. ಆ ದಾರಿ ಹಿಡಿದರೆ ನಾಳೆಯೇ ಅದೂ ಒಂದು ಶನಿವಾರದ ಕೋಚಿಂಗ್ ಆಗುತ್ತದೆ, ಸರ್ಟಿಫಿಕೇಟ್ ಸಮೇತ. ರೈತನ ಜಾಗದಲ್ಲಿ ನಿಂತು ಹುಡುಗಿಯೊಬ್ಬಳು ತಬ್ಬಿಬ್ಬಾದಳಲ್ಲ, ಅಷ್ಟೇ ಸಾಕು ಅದಕ್ಕೆ ಸಮರ್ಥನೆ.

ದಿಲ್ಲಿಯ ಕನ್ನಡಿಗರಾದ ನಾವು ಈ ವಿಷಯದಲ್ಲಿ ಅಜ್ಞಾನದ ನೆಪ ಹೇಳುವಂತಿಲ್ಲ. ಇದೇ ಊರಿನಲ್ಲಿ, ಲೋಧಿ ಎಸ್ಟೇಟಿನ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ, 1960ರ ದಶಕದ ಕೊನೆ ಮತ್ತು 70ರ ದಶಕದ ಮೊದಲ ವರ್ಷಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದವರು ಬಿ.ವಿ. ಕಾರಂತರು. ಚಿಕ್ಕವರಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ, ಅವರ ನೆರವಿನಿಂದಲೇ ಕಾಶಿಗೆ ಹೋಗಿ ಓದಿದ, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಲ್ಕಾಜಿಯವರ ಕೈಕೆಳಗೆ ಕಲಿತ ಕಾರಂತರು. 1977ರಲ್ಲಿ ಅದೇ ನಾಟಕ ಶಾಲೆಯ ನಿರ್ದೇಶಕರಾದದ್ದು ಆಮೇಲಿನ ಮಾತು. ಅದಕ್ಕೆ ಮುಂಚೆ ಅವರು ಒಬ್ಬ ಸ್ಕೂಲ್ ಮೇಷ್ಟ್ರು. ದಕ್ಷಿಣ ಕನ್ನಡದ ಹಳ್ಳಿಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಪಾತ್ರ ಮಾಡಿದ್ದೇ ಅವರ ರಂಗಜೀವನದ ಆರಂಭ. ಶಾಲೆಯೊಂದು ಒಬ್ಬ ಹುಡುಗನಿಗೆ ಒಂದು ಪಾತ್ರ ಕೊಟ್ಟಿತು. ಮುಂದೆ ಭಾರತೀಯ ರಂಗಭೂಮಿಗೆ ಸಿಕ್ಕಿದ್ದು ಏನೆಂದು ನಮಗೆಲ್ಲ ಗೊತ್ತು. ವೈದೇಹಿ ನಿರೂಪಿಸಿದ ಅವರ ಆತ್ಮಕಥೆಯ ಹೆಸರು 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ'. ನಮ್ಮಂಥ ವಲಸಿಗರು ಆ ಹೆಸರನ್ನು ಕೇಳಿ ನಿಟ್ಟುಸಿರು ಬಿಡುತ್ತೇವೆ. ಅವರು ಈ ಊರಿನ ಮಕ್ಕಳಿಗೆ ಮಾಡಿದ ಪಾಠವನ್ನು ಮಾತ್ರ ನೆನೆಯುವುದಿಲ್ಲ.

ಕಾರಂತರು ಮಕ್ಕಳಿಗೆ ಮಾಡಿಸಿದ ನಾಟಕಗಳಲ್ಲಿ 'ಪಂಜರ ಶಾಲೆ' ಒಂದು. ಟ್ಯಾಗೋರರ ಗಿಳಿಯ ಕಥೆ ಅದರ ಮೂಲ. ಹಕ್ಕಿಗೆ ವಿದ್ಯೆ ಕಲಿಸಲೆಂದು ರಾಜ ಚಿನ್ನದ ಪಂಜರ ಮಾಡಿಸುತ್ತಾನೆ, ಪಂಡಿತರು ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ, ಎಲ್ಲರೂ ಪಂಜರವನ್ನು ಹೊಗಳುತ್ತಾರೆ, ಹಕ್ಕಿ ಸಾಯುತ್ತದೆ. ಆ್ಯನ್ಯುಯಲ್ ಡೇಯ ಎಲ್‌ಇಡಿ ಪರದೆಗೆ ಚಪ್ಪಾಳೆ ತಟ್ಟುತ್ತಾ ಕೂತಿದ್ದ ನನಗೆ ನೆನಪಾದದ್ದು ಆ ಪಂಜರವೇ. ಇನ್ನೂ ಹಿಂದೆ ಹೋದರೆ ಕೈಲಾಸಂ ಇದ್ದಾರೆ. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆ ಗೆಲ್ಲುವ ಪುಟ್ಟು ಮತ್ತು ಸೋಲುವ ಮಾಧುವನ್ನು ಎದುರುಬದುರು ನಿಲ್ಲಿಸಿ, ಯಾರು ಟೊಳ್ಳು ಯಾರು ಗಟ್ಟಿ ಎಂದು ಅವರು ಕೇಳಿ ನೂರು ವರ್ಷವೇ ಆಯಿತು. ನಾವಿನ್ನೂ ಪುಟ್ಟುವಿಗೇ ಟ್ಯೂಷನ್ ಹುಡುಕುತ್ತಿದ್ದೇವೆ.

ಸರ್ಕಾರದ ಕಾಗದದಲ್ಲಿ ಎಲ್ಲವೂ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೊತ್ತಿನಲ್ಲೇ ಹತ್ತನೇ ತರಗತಿವರೆಗೆ ಸಂಗೀತ, ನೃತ್ಯ, ಚಿತ್ರ, ನಾಟಕ ಕಡ್ಡಾಯವಾಗಬೇಕು ಎಂಬ ಶಿಫಾರಸು ಬಂದಿತ್ತು. 2019ರಲ್ಲಿ ಸಿಬಿಎಸ್‌ಇ ಒಂದರಿಂದ ಹನ್ನೆರಡನೇ ತರಗತಿವರೆಗೆ ವಾರಕ್ಕೆ ಕನಿಷ್ಠ ಎರಡು ಪೀರಿಯಡ್ ಕಲಾಶಿಕ್ಷಣ ಕೊಡಬೇಕು, ಉಳಿದ ಪಾಠಗಳನ್ನೂ ಕಲೆಯ ಮೂಲಕ ಕಲಿಸಬೇಕು ಎಂದಿತು. 2024ರಲ್ಲಿ ಆರನೇ ತರಗತಿಗೆ ಎನ್‌ಸಿಇಆರ್‌ಟಿ ತಂದ 'ಕೃತಿ' ಎಂಬ ಕಲಾ ಪಠ್ಯಪುಸ್ತಕದಲ್ಲಿ ನಾಟಕಕ್ಕೇ ಒಂದು ಭಾಗವಿದೆ. ನಮ್ಮ ಮನೆಗೆ ಇದೆಲ್ಲ ಬಂದು ತಲುಪಿದ್ದು ಹೇಗೆ ಗೊತ್ತೆ? ಒಂದು ಭಾನುವಾರ ರಾತ್ರಿ ಹತ್ತೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ: ನಾಳೆ ಆರ್ಟ್ ಇಂಟಿಗ್ರೇಟೆಡ್ ಪ್ರಾಜೆಕ್ಟ್ ಸಬ್ಮಿಷನ್. ಉತ್ತರ ಪ್ರದೇಶದ ಜೋಡಿ ರಾಜ್ಯಗಳು ಅರುಣಾಚಲ ಮತ್ತು ಮೇಘಾಲಯ. ಅರುಣಾಚಲದ ಮುಖವಾಡವೊಂದನ್ನು ಥರ್ಮಕೋಲಿನಲ್ಲಿ ಕೆತ್ತಿದವನು ನಾನು, ಬಣ್ಣ ಬಳಿದವಳು ನನ್ನ ಹೆಂಡತಿ. ಮಗಳು ನಿದ್ದೆ ಹೋಗಿದ್ದಳು. ನಮಗೆ ಎ ಪ್ಲಸ್ ಬಂತು.

ಈ ಮಾತು ಎತ್ತಿದಾಗ ಶಿಕ್ಷಕರೂ ಪಾಲಕರೂ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ.

ಸಿಲಬಸ್ ಯಾರು ಮುಗಿಸುತ್ತಾರೆ? ನ್ಯಾಯವಾದ ಪ್ರಶ್ನೆ. ಆದರೆ ಆ್ಯನ್ಯುಯಲ್ ಡೇಗೆ ನಲವತ್ತನಾಲ್ಕು ಪೀರಿಯಡ್ ಕೊಟ್ಟಾಗ ಈ ಪ್ರಶ್ನೆ ಯಾರೂ ಎತ್ತಲಿಲ್ಲ. ನಾನು ಹೊಸ ಸಮಯ ಕೇಳುತ್ತಿಲ್ಲ, ಇದ್ದದ್ದನ್ನೇ ಬೇರೆ ಕಡೆಗೆ ತಿರುಗಿಸಿ ಎನ್ನುತ್ತಿದ್ದೇನೆ. ಎಲ್ಲ ಪಾಠಕ್ಕೂ ನಾಟಕ ಬೇಕಿಲ್ಲ. ಭಾಷೆ, ಸಮಾಜ, ಪರಿಸರ ಈ ಮೂರರಲ್ಲಿ ತಿಂಗಳಿಗೆ ಎರಡು ಪಾಠ ಆಡಿಸಿದರೆ ವರ್ಷಕ್ಕೆ ಇಪ್ಪತ್ತು ದಾಟುವುದಿಲ್ಲ.

ಒಂದು ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದಾರಲ್ಲ? ಇದು ನಿಜವಾದ ಕಷ್ಟ. ಏಳು ಮಕ್ಕಳೇ ನನ್ನ ಮನೆಯನ್ನು ಸಂತೆ ಮಾಡಿದ್ದರು. ಆದರೆ ನಲವತ್ತು ಮಂದಿಗೂ ಸಂಭಾಷಣೆ ಹಂಚಬೇಕಿಲ್ಲ. ಒಂದು ಕುರ್ಚಿ ಹಾಕಿ ಅದರಲ್ಲಿ ಒಬ್ಬರನ್ನು 1857ರ ಮೀರತ್ ಸಿಪಾಯಿಯಾಗಿ ಕೂರಿಸಿ, ಉಳಿದವರು ಪ್ರಶ್ನೆ ಕೇಳಲಿ. ಉತ್ತರ ತಡವರಿಸಿದರೆ ಹಿಂದಿನ ಬೆಂಚಿನವರು ಪುಸ್ತಕ ತೆರೆದು ನೆರವಾಗಲಿ. ಇದಕ್ಕೆ ವೇದಿಕೆ ಬೇಡ, ದುಡ್ಡು ಬೇಡ, ಬೆಂಚು ಸರಿಸುವುದೂ ಬೇಡ. ಗದ್ದಲ ಆಗುತ್ತದೆ ಎನ್ನುತ್ತೀರಾ? ಆಗುತ್ತದೆ. ಪಕ್ಕದ ಕ್ಲಾಸಿನವರು ಇಣುಕಿ ನೋಡುತ್ತಾರೆ. ನೋಡಲಿ.

ನಾಚಿಕೆಯ ಮಕ್ಕಳ ಗತಿ? ಆ್ಯನ್ಯುಯಲ್ ಡೇಯಲ್ಲಿ ಅವರು ಮರ, ಅಲೆ, ಮೋಡ. ಸಾವಿರಾರು ಕಣ್ಣುಗಳ ಮುಂದೆ ನಿಲ್ಲಲು ಹೆದರುವ ಮಗು ಹದಿನೈದು ಗೆಳೆಯರ ನಡುವೆ ಇನ್ನೊಬ್ಬರ ಹೆಸರಿನಲ್ಲಿ ಮಾತಾಡಬಲ್ಲದು. 'ನನ್ನ ಅಭಿಪ್ರಾಯ' ಹೇಳಲು ಅಂಜುವ ಹುಡುಗ 'ಕೂಲಿಯ ಅಭಿಪ್ರಾಯ' ಹೇಳಿದ್ದನ್ನು ನಾನು ಕಂಡಿದ್ದೇನೆ. ಮಾತಾಡಲು ಇಷ್ಟವಿಲ್ಲದವರು ವರದಿಗಾರರಾಗಿ ಬರೆದುಕೊಳ್ಳಲಿ, ಅದೂ ಪಾತ್ರವೇ.

ತರಬೇತಾದ ಶಿಕ್ಷಕರೆಲ್ಲಿ? ಈ ಪ್ರಶ್ನೆಯನ್ನು ದಿಲ್ಲಿಯಲ್ಲಿ ಕೂತು ಕೇಳುವುದು ಸ್ವಲ್ಪ ನಾಚಿಕೆಗೇಡು. ಮಂಡಿ ಹೌಸಿನ ಪಕ್ಕದಲ್ಲಿ ರಾಷ್ಟ್ರೀಯ ನಾಟಕ ಶಾಲೆ ಇದೆ. ಮಕ್ಕಳೊಂದಿಗೇ ಕೆಲಸ ಮಾಡಲು ಅದು 1989ರಲ್ಲಿ 'ಸಂಸ್ಕಾರ್ ರಂಗ್ ಟೋಲಿ'ಯನ್ನು ಕಟ್ಟಿತು. ಬೇಸಿಗೆಯಲ್ಲಿ ಅದು ಮಕ್ಕಳಿಗೆ ಶಿಬಿರ ನಡೆಸುತ್ತದೆ. ಕರ್ನಾಟಕದಲ್ಲಿ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ, ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ 'ಚಿಣ್ಣರ ಮೇಳ' ನಡೆಸುತ್ತದೆ. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಕಲಿತವರಿದ್ದಾರೆ, ಅವರಲ್ಲಿ ಎಷ್ಟೋ ಮಂದಿ ಕೆಲಸ ಹುಡುಕುತ್ತಿದ್ದಾರೆ. ಶಾಲೆಗಳು ಅವರನ್ನು ಕರೆಯುವುದು ನವೆಂಬರಿನಲ್ಲಿ, ಕೊರಿಯೋಗ್ರಫಿಗೆ. ಅವರನ್ನೇ ಏಪ್ರಿಲಿನಲ್ಲಿ ಕರೆದು ಇತಿಹಾಸದ ಮೇಡಂ ಜೊತೆ ಕೂರಿಸಿ ಎಂದರೆ ಬಜೆಟ್ ಇಲ್ಲ ಎನ್ನುತ್ತಾರೆ. ಡ್ರೋನ್ ಕ್ಯಾಮೆರಾಕ್ಕೆ ಬಜೆಟ್ ಇರುತ್ತದೆ.

ಇಷ್ಟೆಲ್ಲ ಶಾಲೆಗಳನ್ನು ಬೈದ ಮೇಲೆ ನಮ್ಮ ಕಡೆಗೂ ತಿರುಗದಿದ್ದರೆ ಅನ್ಯಾಯ. ನಮ್ಮ ಕಡೆಯ ಒಂದು ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಕಿತ್ತೂರು ಚೆನ್ನಮ್ಮನ ದೃಶ್ಯ ಮಾಡಿಸಿದೆವು. ತಾಲೀಮಿನ ಉಸ್ತುವಾರಿ ನನ್ನದೇ. ಮಕ್ಕಳಿಗೆ ಕನ್ನಡ ಅಕ್ಷರ ಬಾರದು ಎಂದು ಮಾತುಗಳನ್ನು ಕೆಲವರಿಗೆ ದೇವನಾಗರಿಯಲ್ಲಿ, ಕೆಲವರಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆವು. ಚೆನ್ನಮ್ಮನಾದ ಹುಡುಗಿ ಕತ್ತಿ ಝಳಪಿಸಿ ಕಪ್ಪ ಕೊಡುವುದಿಲ್ಲ ಎಂದು ಗುಡುಗಿದಾಗ ಸಭೆಯ ಕಣ್ಣು ತೇವವಾಯಿತು. ಊಟದ ಹೊತ್ತಿನಲ್ಲಿ ನಾನು ಅವಳನ್ನು ಕೇಳಿದೆ, ಕಪ್ಪ ಅಂದರೇನು ಪುಟ್ಟಾ? "ಗೊತ್ತಿಲ್ಲ ಅಂಕಲ್. ಕಾಫಿ ಕಪ್ಪಾ?" ಎಂದಳು. ನಗು ಬಂತು, ಆಮೇಲೆ ಬರಲಿಲ್ಲ. ನನ್ನ ಮಗಳ ಶಾಲೆ ಮಾಡಿದ್ದನ್ನೇ ನಾವು ನಾಡಗೀತೆಯ ಸಮೇತ ಮಾಡಿದ್ದೆವು. ಅಲ್ಲಿ ದನಿ ಸ್ಟುಡಿಯೋದ್ದು, ಇಲ್ಲಿ ದನಿ ಮಗುವಿನದೇ ಆದರೂ ಅದರೊಳಗೆ ಮಾತಿರಲಿಲ್ಲ.

ಅದೇ ದೃಶ್ಯವನ್ನು ಬೇರೆ ಥರ ಮಾಡಬಹುದಿತ್ತು. ಒಬ್ಬರು 1824ರ ಧಾರವಾಡದ ಕಲೆಕ್ಟರ್ ಥ್ಯಾಕರೆ, ಒಬ್ಬರು ಕಿತ್ತೂರಿನ ಖಜಾನೆಯ ಲೆಕ್ಕಿಗ, ಒಬ್ಬರು ಕಂದಾಯ ಕಟ್ಟುವ ರೈತ, ಒಬ್ಬಳು ಚೆನ್ನಮ್ಮ. ಬರೆದ ಮಾತಿಲ್ಲ. ಖಜಾನೆ ಕೀಲಿ ಕೊಡು ಎನ್ನುತ್ತಾನೆ ಥ್ಯಾಕರೆ, ನೀನೇನು ಹೇಳುತ್ತೀ? ದತ್ತು ಮಗನನ್ನು ಒಪ್ಪುವುದಿಲ್ಲ ಎನ್ನುತ್ತಾನೆ, ಏಕೆ ಒಪ್ಪಬೇಕು? ಮಗು ಹರಕುಮುರುಕು ಕನ್ನಡದಲ್ಲಿ, ನಡುವೆ ಹಿಂದಿ ಸೇರಿಸಿ ಉತ್ತರ ಹುಡುಕಲಿ. ಸಭೆಗೆ ರೋಮಾಂಚನ ಆಗುವುದಿಲ್ಲ. ಆದರೆ ಕಪ್ಪ ಅಂದರೇನು ಎಂದು ಆ ಮಗು ಸಾಯುವವರೆಗೆ ಮರೆಯುವುದಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ ಎಂದು ನಾವು ಕೂಟಗಳಲ್ಲಿ ಕೊರಗುತ್ತೇವೆ. ಆಡಬೇಕಾದ ಸಂದರ್ಭವನ್ನೇ ಕೊಡದೆ, ಬಾಯಿಪಾಠದ ಸಾಲುಗಳನ್ನು ಕೊಡುತ್ತಿದ್ದರೆ ಇನ್ನೇನಾಗುತ್ತದೆ? ಮನೆಯಲ್ಲಿ ಕನ್ನಡದಲ್ಲಿ ಮಾತಾಡು ಎಂದು ಗದರಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ನೀನು ಅಜ್ಜಿ, ನಾನು ತರಕಾರಿಯವನು, ಚೌಕಾಸಿ ಮಾಡು ಎಂದರೆ ಬಾಯಿ ತೆರೆಯುತ್ತದೆ.

ಹಾಗಾಗಿ ಎರಡು ಕೆಲಸ ಕೇಳುತ್ತಿದ್ದೇನೆ. ಮುಂದಿನ ಪಿಟಿಎಂನಲ್ಲಿ ಅಂಕಪಟ್ಟಿ ನೋಡುವ ಮೊದಲು ಕೇಳಿ: ವಾರದ ಎರಡು ಕಲಾ ಪೀರಿಯಡ್ ಟೈಮ್‌ಟೇಬಲ್ಲಿನಲ್ಲಿ ಎಲ್ಲಿವೆ? ಅದರಲ್ಲಿ ನಾಟಕಕ್ಕೆ ಎಷ್ಟು? ಈ ವರ್ಷ ಆ್ಯನ್ಯುಯಲ್ ಡೇ ಪ್ರಾಕ್ಟೀಸಿಗೆ ಎಷ್ಟು ಪೀರಿಯಡ್ ಹೋಗುತ್ತದೆ, ಮಕ್ಕಳು ತಮ್ಮ ದನಿಯಲ್ಲಿ ಮಾತಾಡುತ್ತಾರೆಯೇ? ಒಬ್ಬರು ಕೇಳಿದರೆ ತಲೆನೋವಿನ ಪಾಲಕ ಎನ್ನುತ್ತಾರೆ. ನನಗೆ ಆ ಹೆಸರು ಈಗಾಗಲೇ ಬಂದಿದೆ. ನಾನು ಬರೆದ ಎರಡು ಪುಟದ ಈಮೇಲಿಗೆ ಶಾಲೆಯಿಂದ ಬಂದ ಉತ್ತರ ಒಂದೇ ಪದ: 'ನೋಟೆಡ್'. ಹತ್ತು ಮಂದಿ ಕೇಳಿದರೆ ಆ ಪದ ಸ್ವಲ್ಪ ಉದ್ದವಾಗಬಹುದು.

ಎರಡನೆಯದು ನಮ್ಮ ಕೈಯಲ್ಲೇ ಇದೆ. ನವೆಂಬರಿನಲ್ಲಿ ಮತ್ತೆ ಹೊಗೆ ಬರುತ್ತದೆ, ಶಾಲೆ ಮತ್ತೆ ಪರದೆಯೊಳಗೆ ಹೋಗುತ್ತದೆ. ನಿಮ್ಮ ಸೊಸೈಟಿಯಲ್ಲೂ ಮೂರು ನಾಲ್ಕು ಕನ್ನಡದ ಮನೆ ಇರುತ್ತವೆ. ಸೋಫಾ ಗೋಡೆಗೆ ಸರಿಸಿ, ಚೀಟಿ ಬರೆಯಿರಿ, ನಿಮಗೂ ಒಂದು ಪಾತ್ರ ಇಟ್ಟುಕೊಳ್ಳಿ. ಮೊದಲ ದಿನ ಹಾಳಾಗುತ್ತದೆ, ಎದೆಗುಂದಬೇಡಿ. ಎರಡನೇ ದಿನ ನಿಮ್ಮ ಮಗು ಎದ್ದು ನಿಂತು ನಿಮಗೆ ಗೊತ್ತಿಲ್ಲದ ಪದವೊಂದನ್ನು ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಬಹುದು. ಆಗ ಊರಿಗೆ ಫೋನು ಮಾಡಿ.